ಬಂದೂಕಿಗೆ ಎರಡು ಹೆಸರು

ಲೆಪರ್ಡ್ಸ್‌ಟೌನ್, ಡಬ್ಲಿನ್
15 ಸೆಪ್ಟೆಂಬರ್ 2024

ಪ್ರಿಯ ಮಂಜೇಶ್,

ನಿನಗೆ ಪತ್ರ ಬರೆಯುವ ಕಾಲ ಬರುತ್ತದೆಂದು ನಾನು ಅಂದುಕೊಂಡಿರಲಿಲ್ಲ. ಲಿಮೆರಿಕ್‌ನಲ್ಲಿ ಓದುವಾಗ ಒಂದೇ ಕೋಣೆಯಲ್ಲಿ ಮಲಗಿದವರು ನಾವು. ಪಕ್ಕದ ಹಾಸಿಗೆಯಿಂದ "ಲೋ ಶಫೀ, ಕಿಟಕಿ ಮುಚ್ಚೋ, ಸಾಯ್ತೀನಿ ಚಳೀಲಿ" ಎಂದು ಕೂಗುತ್ತಿದ್ದವನಿಗೆ ಈಗ ಸ್ಟಾಂಪು ಹಚ್ಚಬೇಕಾಗಿದೆ. ಏನು ಮಾಡಲಿ, ನಿನ್ನ ಫೋನು ಯಾವಾಗಲೂ ಆಫ್. ವಾಟ್ಸಾಪಿನಲ್ಲಿ ಕಳಿಸಿದ್ದಕ್ಕೆಲ್ಲ ಒಂದೇ ಟಿಕ್ಕು.

ನಿನ್ನೆ ಇಲ್ಲಿನ ಕನ್ನಡದವರ ಗಣೇಶನ ಹಬ್ಬದಲ್ಲಿ ಸತ್ಯಪ್ರಕಾಶ್ ಸಿಕ್ಕಿದ್ದ. ರಾತ್‌ಡ್ರಮ್ ಸ್ಟೇಷನ್ನಿನಲ್ಲಿ ನಿನ್ನನ್ನು ನೋಡಿದನಂತೆ. "ಗಡ್ಡ ಬಿಟ್ಟವ್ನೆ, ಗುರುತೇ ಸಿಗಲಿಲ್ಲ. ವಿಕ್ಲೋ ಬೆಟ್ಟದಲ್ಲಿ ಒಂದು ಮನೆ ಹಿಡಿದು ಒಬ್ನೇ ಇದಾನೆ. ಚಿತ್ರಾ ಮಗಳನ್ನ ಕರ್ಕೊಂಡು ಬೆಂಗಳೂರಿಗೆ ಹೋಗಿ ವರ್ಷ ಆಯ್ತಲ್ಲ, ನಿಂಗೆ ಗೊತ್ತಿಲ್ವಾ?" ಎಂದ. ಗೊತ್ತು ಎಂದೆ. ಗೊತ್ತಿರಲಿಲ್ಲ ಎಂದು ಹೇಳಲು ನಾಚಿಕೆಯಾಯಿತು. ಪ್ರಸಾದದ ತಟ್ಟೆ ಹಿಡಿದುಕೊಂಡು ಹೊರಗೆ ಹೋಗಿ ಕಾರಿನಲ್ಲಿ ಕೂತುಬಿಟ್ಟೆ.

ವಿಳಾಸ ಅವನೇ ಕೊಟ್ಟ. ನಾನೇನೂ ಕೇಳುವುದಿಲ್ಲ. ಹೇಳಬೇಕೆನಿಸಿದ್ದು ಹೇಳು. ಬೇಡವಾದರೆ ಅಲ್ಲಿ ಮಳೆ ಹೇಗಿದೆ ಎಂದಾದರೂ ಬರೆ. ಮನೆಯಲ್ಲಿ ಆಮ್ನಾ ನಿನ್ನನ್ನು ಕೇಳಿದಳು. ನೀನು ಮಾಡುತ್ತಿದ್ದ ಬಸ್ಸಾರಿನ ರುಚಿ ಅವಳ ಕೈಗೆ ಇನ್ನೂ ಬಂದಿಲ್ಲವಂತೆ.

ನಿನ್ನ
ಶಫೀ


ಗ್ಲೆನ್‌ಮಲೂರ್, ವಿಕ್ಲೋ
13 ಅಕ್ಟೋಬರ್ 2024

ಶಫೀ,

ನಿನ್ನ ಪತ್ರ ಬಂದು ಬಹಳ ದಿನವಾಯಿತು. ಕನ್ನಡ ಬರೆದು ಎಷ್ಟು ಕಾಲವಾಗಿತ್ತೆಂದರೆ 'ಳ' ಬರೆಯಲು ಕೈ ತಡವರಿಸಿತು. ನಗಬೇಡ.

ಮಳೆ ಕೇಳಿದ್ದೀಯ. ಇಲ್ಲಿ ಮಳೆ ಮೇಲಿನಿಂದ ಬರುವುದಿಲ್ಲ, ಪಕ್ಕದಿಂದ ಬರುತ್ತದೆ. ಕಣಿವೆಯ ಕೊನೆಯಲ್ಲಿ ನನ್ನ ಮನೆ. ಇದರಾಚೆಗೆ ಟಾರು ರಸ್ತೆಯಿಲ್ಲ. ಫೋನಿಗೆ ಸಿಗ್ನಲ್ ಇಲ್ಲ. ಅದು ಡ್ರಾಯರಿನಲ್ಲಿ ಮಲಗಿದೆ. ಲಿಮೆರಿಕ್‌ನ ಕಂಪನಿ ನಮ್ಮ ಇಡೀ ವಿಭಾಗವನ್ನೇ ಮುಚ್ಚಿದ ಮೇಲೆ ಇಲ್ಲಿನ ಮರದ ಡಿಪೋದಲ್ಲಿ ಕೆಲಸ ಹಿಡಿದೆ. ಲಾರಿ ಬರುತ್ತದೆ, ತೂಕ ಹಾಕುತ್ತೇನೆ, ಬಿಲ್ಲು ಕೊಡುತ್ತೇನೆ, ಲಾರಿ ಹೋಗುತ್ತದೆ. ಡ್ರೈವರುಗಳು "ಹೌ ಆರ್ ಯಾ, ಗ್ರ್ಯಾಂಡ್?" ಎನ್ನುತ್ತಾರೆ. ಚೆನ್ನಾಗಿದ್ದರೂ ಇಲ್ಲದಿದ್ದರೂ ಗ್ರ್ಯಾಂಡ್ ಎನ್ನುತ್ತೇನೆ. ಕೆಲವು ದಿನ ನಾನು ಆಡುವ ಮಾತು ಅದೊಂದೇ.

ಮನೆಯ ಮಾಲೀಕ ನೋಯೆಲ್ ಬರ್ನ್. ಎಪ್ಪತ್ತು ದಾಟಿದ ಮುದುಕ, ಮದುವೆಯಾಗಿಲ್ಲ, ಬೆಟ್ಟದ ಮೇಲೆ ಕುರಿ ಸಾಕುತ್ತಾನೆ. ಕುರಿಯ ಹುಲ್ಲನ್ನು ಜಿಂಕೆಗಳು ಮೇಯ್ದುಬಿಡುತ್ತವೆ ಎಂದು ಲೈಸೆನ್ಸ್ ಮಾಡಿಸಿಕೊಂಡು ಜಿಂಕೆ ಹೊಡೆಯುತ್ತಾನೆ. ಈಗ ಗಂಡು ಜಿಂಕೆಗಳು ಕೂಗುವ ಕಾಲ. ಮೊದಲ ಸಲ ಕೇಳಿದಾಗ ಬಾವಿಗೆ ಬಿದ್ದ ಎಮ್ಮೆಯೇನೋ ಎಂದು ಆಚೆಗೆ ಓಡಿಬಂದಿದ್ದೆ. ಎದುರಿನ ಬೆಟ್ಟದಿಂದ ಒಂದು ಕೂಗುತ್ತದೆ, ಈ ಬೆಟ್ಟದಿಂದ ಇನ್ನೊಂದು ಉತ್ತರ ಕೊಡುತ್ತದೆ. ನಡುವೆ ನಾನು ಚಹಾ ಹಿಡಿದು ನಿಂತಿರುತ್ತೇನೆ.

ನೋಯೆಲ್ ಜೊತೆ ಎರಡು ಮೂರು ಸಲ ಬೆಟ್ಟ ಹತ್ತಿದೆ. ನಾನು ಚಿಕ್ಕವನಿದ್ದಾಗ ಯುಗಾದಿಯ ಮಾರನೆಯ ದಿನ ಹೊಸತೊಡಕಿಗೆ ಮಾವಂದಿರ ಹಿಂದೆ ಬಲೆ ಹೊತ್ತು ಮೊಲದ ಬೇಟೆಗೆ ಹೋಗುತ್ತಿದ್ದೆನಲ್ಲ, ಆ ಗಲಾಟೆ ಇಲ್ಲಿಲ್ಲ. ಇಲ್ಲಿ ಬೇಟೆಯೆಂದರೆ ಮಾತಾಡದೆ ಹೊಟ್ಟೆಯ ಮೇಲೆ ಮಲಗಿರುವುದು. ಅದಕ್ಕೆ ನಾನು ಲಾಯಕ್ಕು ಎನ್ನುತ್ತಾನೆ ಮುದುಕ.

ಒಂದು ಯೋಜನೆಯಿದೆ. ಜನವರಿಯಲ್ಲಿ ಹಿಮ ಬಿದ್ದ ಮೇಲೆ ಹೆಣ್ಣು ಜಿಂಕೆಗಳ ಬೇಟೆಗೆ ಹೋಗೋಣ. ನೋಯೆಲ್, ನಾನು, ನೀನು. ಮೇಲೆ ಅವನದೊಂದು ಹಳೆಯ ಕಲ್ಲಿನ ಗುಡಿಸಲಿದೆ, ಒಲೆಯಿದೆ. ಅಲ್ಲಿ ಪಳಗಿದರೆ ಮುಂದಿನ ವರ್ಷ ಅಮೆರಿಕದ ಮೊಂಟಾನಾ. ನೋಯೆಲ್‌ನ ತಂಗಿಯ ಮಗ ಅಲ್ಲಿದ್ದಾನೆ. ಅಲ್ಲಿ ಎಲ್ಕ್ ಸಿಗುತ್ತದೆ. ನಮ್ಮ ಕಡವೆಯ ದೊಡ್ಡಪ್ಪ ಎಂದುಕೋ, ಕುದುರೆಯೆತ್ತರ.

ಬರುತ್ತೀಯಾ?

ಮಂಜೇಶ್


ಲೆಪರ್ಡ್ಸ್‌ಟೌನ್
27 ಅಕ್ಟೋಬರ್ 2024

ಲೋ ಮಂಜ,

ಬರುತ್ತೀನಿ! ಪತ್ರವನ್ನು ಆಮ್ನಾಗೆ ಓದಿ ಹೇಳಿದೆ. "ಇಲಿ ಬಂದ್ರೆ ಕುರ್ಚಿ ಮೇಲೆ ಹತ್ತೋರು ನೀವು, ಜಿಂಕೆ ಬೇಟೆನಾ?" ಎಂದು ನಕ್ಕಳು. ನಗಲಿ. ನಾನು ಬಂದೂಕು ಮುಟ್ಟುವುದಿಲ್ಲ. ಅನ್ನ ಬೇಯಿಸುತ್ತೇನೆ, ಒಲೆ ಉರಿಸುತ್ತೇನೆ, ನೀವಿಬ್ಬರೂ ಗುರಿ ತಪ್ಪಿದಾಗ ಸಮಾಧಾನ ಹೇಳುತ್ತೇನೆ. ಬೇಟೆಯ ಮಾಂಸದ ವಿಚಾರ ಮಸೀದಿಯ ಹಜರತರನ್ನೂ ಕೇಳಿಬಂದೆ. ಹೊಡೆಯುವವನು ಯಾರು ಎಂದರು. ನೋಯೆಲ್ ಬರ್ನ್ ಎಂದೆ. ತಲೆ ಕೆರೆದುಕೊಂಡು, ಈ ಸಲ ನೀನು ಬೇಳೆಸಾರು ತಗೊಂಡು ಹೋಗು ಎಂದರು.

ಆಫೀಸಿನ ಕಿಟಕಿಯಿಂದ ರೇಸ್ ಕೋರ್ಸ್ ಕಾಣುತ್ತದೆ, ಅದರ ಹಿಂದೆ ನಿಮ್ಮ ಬೆಟ್ಟಗಳ ಮೊದಲ ಸಾಲು. ಇಷ್ಟು ದಿನ ಅದನ್ನು ಸುಮ್ಮನೆ ನೋಡುತ್ತಿದ್ದೆ. ಈಗ ಮೀಟಿಂಗಿನ ನಡುವೆ ಎದ್ದುಹೋಗಿ ನೋಡುತ್ತೇನೆ.

ಬರುವ ಭಾನುವಾರ ಊಟಕ್ಕೆ ಬಾ. ರಾತ್‌ಡ್ರಮ್‌ನಿಂದ ರೈಲಿದೆ, ಸ್ಟೇಷನ್ನಿಗೆ ನಾನೇ ಕಾರು ತರುತ್ತೇನೆ. ಮಗಳು ಐಶು ಹೇಗಿದ್ದಾಳೆ? ನಾನು ಕನ್ನಡದಲ್ಲಿ ಕೇಳಿದರೆ ಲಿಮೆರಿಕ್ ಇಂಗ್ಲಿಷಿನಲ್ಲಿ ಉತ್ತರ ಕೊಡುತ್ತಿದ್ದ ಆ ಪುಟ್ಟಿಯ ದನಿ ಕಿವಿಯಲ್ಲೇ ಇದೆ. ಏನೂ ಕೇಳುವುದಿಲ್ಲ ಎಂದಿದ್ದೆ. ಇದೊಂದು ಕೇಳಿಬಿಟ್ಟೆ.

ಕಾಯುತ್ತಿರುವ
ಶಫೀ


ಗ್ಲೆನ್‌ಮಲೂರ್
24 ನವೆಂಬರ್ 2024

ಶಫೀ,

ಊಟಕ್ಕೆ ಬರಲಾಗಲಿಲ್ಲ. ಸ್ಟೇಷನ್ನಿಗೆ ಹೋಗಿದ್ದೆ. ರೈಲು ಬಂತು, ಹತ್ತಲಿಲ್ಲ, ಅಷ್ಟೇ. ಆಮ್ನಾಗೆ ತಪ್ಪು ತಿಳಿಯಬೇಡ ಎಂದು ಹೇಳು.

ಯೋಜನೆ ಮುಂದುವರಿದಿದೆ. ಗುಡಿಸಲಿನ ಸೂರು ಸರಿಮಾಡಿ ಸೌದೆ ಮೇಲೆ ಸಾಗಿಸಿದ್ದೇವೆ. ನೀನು ಒಳ್ಳೆಯ ಬೂಟು ಕೊಳ್ಳಬೇಕು, ನೀರು ಒಳಗೆ ಹೋಗಬಾರದು. ಹತ್ತಿಯ ಬಟ್ಟೆ ಬೇಡ, ಒಮ್ಮೆ ಒದ್ದೆಯಾದರೆ ಒಣಗುವುದಿಲ್ಲ, ಉಣ್ಣೆಯದು ಹಾಕಿಕೋ. ಜಿಂಕೆಗೆ ಕಣ್ಣಿಗಿಂತ ಮೂಗು ಚುರುಕು. ಗಾಳಿ ನಮ್ಮ ಮುಖಕ್ಕೆ ಬೀಸುವ ಕಡೆಯಿಂದಲೇ ಹತ್ತಬೇಕು. ಬೆಟ್ಟದ ನೆತ್ತಿಯ ಮೇಲೆ ಕಂಡ ಜಿಂಕೆಗೆ ಎಂದೂ ಹೊಡೆಯಬಾರದು, ಗುಂಡು ಆಚೆಗೆ ಎಲ್ಲಿ ಬೀಳುತ್ತದೋ ಗೊತ್ತಿರುವುದಿಲ್ಲ. ಇದೆಲ್ಲ ನೋಯೆಲ್ ಕಲಿಸಿದ್ದು. ತರಬೇತಿಯ ಪರೀಕ್ಷೆಯನ್ನೂ ಪಾಸು ಮಾಡಿದೆ. ಮೊಂಟಾನಾದ ಹುಡುಗ ನಕಾಶೆ ಕಳಿಸಿದ್ದಾನೆ. ಅಕ್ಟೋಬರಿನಲ್ಲೇ ಅಲ್ಲಿ ಮೊಣಕಾಲುದ್ದ ಹಿಮವಂತೆ, ಕುದುರೆಯ ಮೇಲೆ ಹೋಗಬೇಕಂತೆ. ನಕಾಶೆಯ ಒಂದು ಪ್ರತಿಯನ್ನು ಇದರ ಜೊತೆ ಇಟ್ಟಿದ್ದೇನೆ. ನಿನ್ನ ಹತ್ತಿರವೇ ಇರಲಿ. ನನಗೆ ಆಗದಿದ್ದರೂ ನೀನು, ನೋಯೆಲ್ ಹೋಗಿಬನ್ನಿ.

ಈಗ ಒಂದು ಉಪಕಾರ. ನನ್ನದೇ ರೈಫಲ್ ಇಟ್ಟುಕೊಳ್ಳಲು ಲೈಸೆನ್ಸಿಗೆ ಅರ್ಜಿ ಹಾಕಿದ್ದೇನೆ. ನನ್ನನ್ನು ಬಲ್ಲ ಇಬ್ಬರ ಹೆಸರು ಕೊಡಬೇಕು. ಒಂದು ನೋಯೆಲ್, ಇನ್ನೊಂದು ನೀನು. ಗಾರ್ಡಾ ಪೊಲೀಸ್ ಸ್ಟೇಷನ್ನಿನಿಂದ ಫೋನ್ ಬರುತ್ತದೆ. ಒಳ್ಳೆಯವನು ಎಂದು ಹೇಳಿಬಿಡು, ಸಾಕು.

ಲಿಮೆರಿಕ್‌ನಲ್ಲಿ ನಾವು ಆಡುತ್ತಿದ್ದ ಕ್ಯಾರಂ ಬೋರ್ಡನ್ನು ಡಿಪೋದ ಲಾರಿಯವನ ಕೈಯಲ್ಲಿ ನಿನಗೆ ಕಳಿಸುತ್ತಿದ್ದೇನೆ. ಇಲ್ಲಿ ಆಡುವವರಿಲ್ಲ.

ಮಂಜೇಶ್


ಲೆಪರ್ಡ್ಸ್‌ಟೌನ್
15 ಡಿಸೆಂಬರ್ 2024

ಮಂಜೇಶ್,

ಇದನ್ನು ನೀನು ಗಾರ್ಡಾದವರ ಬಾಯಿಂದ ಕೇಳುವ ಮೊದಲು ನನ್ನಿಂದ ಕೇಳಬೇಕು. ಅದಕ್ಕೇ ಬರೆಯುತ್ತಿದ್ದೇನೆ.

ಕ್ಯಾರಂ ಬೋರ್ಡ್ ಬಂದ ದಿನದಿಂದ ನನಗೆ ನೆಮ್ಮದಿಯಿರಲಿಲ್ಲ. ಹಿಂದಿನ ಭಾನುವಾರ ಹೇಳದೆ ಕೇಳದೆ ನಿನ್ನ ಮನೆಗೆ ಬಂದದ್ದು ಅದಕ್ಕೇ. ನೀನು ಬಾಗಿಲು ತೆರೆದೆ, ನಕ್ಕೆ, ಸಾರು ಮಾಡಿದೆ, ಬೇಟೆಯ ಮಾತು ಆಡುತ್ತಲೇ ಇದ್ದೆ. ನಾನು ಮನೆ ನೋಡುತ್ತಿದ್ದೆ. ಒಲೆಯಲ್ಲಿ ಬೆಂಕಿಯಿರಲಿಲ್ಲ. ಐಶುವಿನ ಬಟ್ಟೆ, ಪುಸ್ತಕ ಎಲ್ಲ ನೀನು ಪೆಟ್ಟಿಗೆಗೆ ತುಂಬಿ, ಟೇಪ್ ಸುತ್ತಿ, ಬೆಂಗಳೂರಿನ ವಿಳಾಸ ಬರೆದು ಗೋಡೆಗೆ ಒರಗಿಸಿದ್ದೆ. ಯಾಕೋ ಎಂದು ಕೇಳಿದರೆ "ಸುಮ್ನೆ ಜಾಗ ತಿಂತವೆ" ಎಂದೆ. ಆಮೇಲೆ ತಟ್ಟೆ ತೊಳೆಯುತ್ತಾ, ನನಗೆ ಬೆನ್ನು ಮಾಡಿಕೊಂಡು, "ರೈಫಲ್ ಒಂದು ಬಂದ್ಬಿಟ್ರೆ ಎಲ್ಲ ಹಗುರ ಆಗುತ್ತೆ ಕಣೋ" ಎಂದೆ. ನೀರು ಸುಮ್ಮನೆ ಸುರಿಯುತ್ತಿತ್ತು. ಏನು ಹಗುರ ಎಂದು ಕೇಳುವ ಧೈರ್ಯ ನನಗೆ ಬರಲಿಲ್ಲ.

ವಾಪಸ್ಸು ಬರುವಾಗ ನೋಯೆಲ್‌ನ ಕೊಟ್ಟಿಗೆಯ ಹತ್ತಿರ ಕಾರು ನಿಲ್ಲಿಸಿದೆ. ಮುದುಕ ಕುರಿಗಳಿಗೆ ಹುಲ್ಲು ಹಾಕುತ್ತಿದ್ದ. ಮಂಜೇಶ್ ಹೇಗಿದ್ದಾನೆ ಎಂದು ಕೇಳಿದೆ. "ಕೆಲಸದಲ್ಲಿ ಗ್ರ್ಯಾಂಡ್" ಎಂದ. ಇನ್ನೊಂದು ಕಂತೆ ಹುಲ್ಲು ಬಿಚ್ಚುತ್ತಾ, "ಬೆಟ್ಟದ ಮೇಲೆ ಅವನ ಕೈಗೆ ದುರ್ಬೀನು ಕೊಡುತ್ತೇನೆ. ಅದರಲ್ಲಿ ಅವನು ಜಿಂಕೆ ನೋಡುವುದಿಲ್ಲ. ಏನು ನೋಡುತ್ತಾನೋ ದೇವರಿಗೇ ಗೊತ್ತು" ಎಂದ.

ಮಂಗಳವಾರ ಸಾರ್ಜೆಂಟ್ ಫೋನ್ ಮಾಡಿದರು. ಆಫೀಸಿನ ಮೆಟ್ಟಿಲ ಮೇಲೆ ಕೂತು ಮಾತಾಡಿದೆ. ಕುಡಿಯುತ್ತಾರಾ? ಇಲ್ಲ. ಜಗಳಗಂಟರಾ? ಇಲ್ಲವೇ ಇಲ್ಲ. "ಹಾಗಾದರೆ ಅವರ ಮನೆಯಲ್ಲಿ ಒಂದು ರೈಫಲ್ ಇದ್ದರೆ ನಿಮಗೆ ನಿಶ್ಚಿಂತೆಯೇ?" ಎಂದರು. ಮೆಟ್ಟಿಲಿನಿಂದ ಎದ್ದು ನಿಂತೆ.

"ನಾನು ಕಂಡವರಲ್ಲೇ ಒಳ್ಳೆಯವನು ಅವನು. ಆದರೆ ಈಗ ಬೇಡ" ಎಂದೆ.

"ಅವರಿಂದ ಯಾರಿಗಾದರೂ ಅಪಾಯವಿದೆಯೇ?"

"ಅವನಿಗೇ" ಎಂದೆ.

ನೀನು ಸಿಟ್ಟಾಗುತ್ತೀ. ಆಗು. ಬಂದು ಕೆನ್ನೆಗೆ ಹೊಡಿ. ಆ ನೆಪದಲ್ಲಾದರೂ ರೈಲು ಹತ್ತು. ಇಲ್ಲದಿದ್ದರೆ ಈ ಕ್ರಿಸ್‌ಮಸ್ ರಜೆಯಲ್ಲಿ ನಾನೇ ಬಂದು ಇರುತ್ತೇನೆ, ಹಾಸಿಗೆ ತರುತ್ತೇನೆ.

ನಿನ್ನವನೇ,
ಶಫೀ


ಗ್ಲೆನ್‌ಮಲೂರ್
29 ಡಿಸೆಂಬರ್ 2024

ಶಫೀ ಅವರಿಗೆ,

ನಿಮ್ಮ ಪತ್ರ ತಲುಪಿದೆ. ನನ್ನ ಅರ್ಜಿಯನ್ನು ತಡೆಹಿಡಿದಿರುವುದಾಗಿ ಸಾರ್ಜೆಂಟ್ ಮನೆಗೇ ಬಂದು ತಿಳಿಸಿದರು. ಡಾಕ್ಟರರನ್ನು ಕಾಣಬೇಕು ಎಂದರು. ಆಗಲಿ ಎಂದಿದ್ದೇನೆ.

ಇಡೀ ದೇಶದಲ್ಲಿ ಕೊಡಲು ನನ್ನ ಹತ್ತಿರ ಇದ್ದದ್ದೇ ಎರಡು ಹೆಸರು. ಅದನ್ನು ನೀವು ಅರ್ಥಮಾಡಿಕೊಳ್ಳುತ್ತೀರಿ ಎಂದುಕೊಂಡಿದ್ದೆ.

ಜನವರಿಯ ಬೇಟೆ ರದ್ದಾಗಿದೆ. ಬೂಟು ಕೊಂಡಿದ್ದರೆ ಅಂಗಡಿಗೆ ಹಿಂತಿರುಗಿಸಿ. ರಜೆಯಲ್ಲಿ ಬರುವುದು ಬೇಡ. ಮುಂದೆಯೂ ಬೇಡ.

ಮಂಜೇಶ್


ಲೆಪರ್ಡ್ಸ್‌ಟೌನ್
14 ಜನವರಿ 2025

ಮಂಜೇಶ್,

ನೀವು ಎಂದು ಬರೆದಿದ್ದೀಯ. ಅಷ್ಟು ದೂರ ನನ್ನಿಂದ ನಡೆಯಲಾಗುವುದಿಲ್ಲ. ನಾನು ನೀನು ಎಂದೇ ಬರೆಯುತ್ತೇನೆ.

ಹೋದ ವಾರ ಬಂದಿದ್ದೆ, ನಿನಗೆ ಗೊತ್ತಿಲ್ಲ. ಹಿಮ ಬಿದ್ದು ಲಾರಾ ಎಂಬ ಊರಿನಾಚೆ ರಸ್ತೆ ಮುಚ್ಚಿದ್ದರು. ಊರಿನ ಹೋಟೆಲಿನಲ್ಲಿ ಕೂತು, ಸೂಪು ಕುಡಿದು, ಬೆಳ್ಳಗೆ ನಿಂತ ಬೆಟ್ಟ ನೋಡಿ ವಾಪಸ್ಸು ಹೋದೆ. ಯಾವ ಬೆಟ್ಟದ ಹಿಂದೆ ನಿನ್ನ ಮನೆಯಿದೆ ಎಂದು ಹೋಟೆಲಿನವಳನ್ನು ಕೇಳಿದರೆ ಕೈಯಿಂದ ಒಂದು ಕಡೆ ತೋರಿಸಿದಳು. ಅಷ್ಟೇ ಆಯಿತು. ನೋಯೆಲ್‌ಗೆ ಲ್ಯಾಂಡ್‌ಲೈನ್ ಇದೆ. ಅಂದಿನಿಂದ ದಿನಾ ಫೋನ್ ಮಾಡುತ್ತಿದ್ದೇನೆ. "ಅವನ ಮನೆಯಲ್ಲಿ ದೀಪವಿದೆ" ಎನ್ನುತ್ತಾನೆ, ಇಟ್ಟುಬಿಡುತ್ತಾನೆ.

ಇಂದು ಸಂಕ್ರಾಂತಿ. ಆಮ್ನಾ ಇಂಡಿಯನ್ ಅಂಗಡಿಯಿಂದ ಎಳ್ಳು, ಕೊಬ್ಬರಿ ತಂದು ಅವಳೇ ಬೆಲ್ಲ ಕತ್ತರಿಸಿದಳು, ಬೆರಳನ್ನೂ ಸ್ವಲ್ಪ ಕತ್ತರಿಸಿಕೊಂಡಳು. ಜೊತೆಗಿಟ್ಟಿದ್ದೇನೆ. ಒಳ್ಳೆಯ ಮಾತು ಆಡದಿದ್ದರೂ ಪರವಾಗಿಲ್ಲ, ಎಳ್ಳುಬೆಲ್ಲ ತಿನ್ನು. ಉತ್ತರ ಬರೆಯುವುದು ಬೇಡ.

ಶಫೀ


ಗ್ಲೆನ್‌ಮಲೂರ್
23 ಫೆಬ್ರವರಿ 2025

ಶಫೀ,

ಉತ್ತರ ಬೇಡ ಎಂದಿದ್ದೆ ನೀನು. ಆದರೆ ನಡೆದದ್ದನ್ನು ಹೇಳಬೇಕು, ಹೇಳಲು ಬೇರೆ ಯಾರೂ ಇಲ್ಲ.

ಹೋದ ವಾರ ಮತ್ತೆ ಹಿಮ ಬಿತ್ತು. ಬೆಳಿಗ್ಗೆ ನೋಯೆಲ್ ಬಾಗಿಲು ಬಡಿದ. ಹೆಗಲಲ್ಲಿ ರೈಫಲ್, ಕೈಯಲ್ಲಿ ಹಗ್ಗ. "ಜಿಂಕೆಗಳು ಕೆಳಗಿಳಿದಿವೆ. ಹೊಡೆದರೆ ಎಳೆಯಲು ನನಗೆ ಒಬ್ಬ ಗಂಡಸು ಬೇಕು" ಎಂದ. ಆಗುವುದಿಲ್ಲ ಎಂದೆ. ಅವನು ಹೋಗಲೇ ಇಲ್ಲ, ಹೊಸ್ತಿಲ ಮೇಲೆ ನಿಂತೇ ಇದ್ದ. ಕೊನೆಗೆ ಕೋಟು ಹಾಕಿಕೊಂಡೆ. "ಫೋನ್ ತಗೋ. ಮೇಲೆ ಕಣಿವೆಯ ಅಂಚಿನಲ್ಲಿ ಸಿಗ್ನಲ್ ಸಿಗುತ್ತದೆ" ಎಂದ. ಡ್ರಾಯರಿನಿಂದ ತೆಗೆದು, ಬೂಟು ಕಟ್ಟಿಕೊಳ್ಳುವಷ್ಟು ಹೊತ್ತು ಚಾರ್ಜಿಗೆ ಹಾಕಿ, ಆಫ್ ಮಾಡಿ ಜೇಬಿಗಿಟ್ಟುಕೊಂಡೆ.

ಹಿಮದಲ್ಲಿ ಬೆಟ್ಟಕ್ಕೆ ಶಬ್ದವೇ ಇಲ್ಲ. ನಮ್ಮ ಉಸಿರೊಂದೇ. ಒಂದು ಕಲ್ಲಿನ ಗೋಡೆಯ ಮರೆಯಲ್ಲಿ ಮಲಗಿದೆವು. ಕೆಳಗೆ ಹೆಣ್ಣು ಜಿಂಕೆಗಳ ಹಿಂಡು, ಕಾಲಿನಿಂದ ಹಿಮ ಕೆದರಿ ಹುಲ್ಲು ಮೇಯುತ್ತಿದ್ದವು. ನೋಯೆಲ್ ಬಹಳ ಹೊತ್ತು ಹೊಡೆಯಲಿಲ್ಲ. ಆಮೇಲೆ ಒಂದೇ ಗುಂಡು. ಒಂದು ಮಂಡಿಯೂರಿತು. ಉಳಿದವು ಓಡಿದವು, ಸ್ವಲ್ಪ ದೂರ ಹೋಗಿ ನಿಂತು ತಿರುಗಿ ನೋಡಿದವು. ಬಿದ್ದದ್ದು ಎದ್ದು ಬರುತ್ತದೆ ಎಂದು ಕಾದ ಹಾಗೆ ನಿಂತಿದ್ದವು ಶಫೀ. ಗುಂಡಿನ ಶಬ್ದಕ್ಕೆ ನಾನು ಬೆಚ್ಚಲಿಲ್ಲ. ಅವು ನಿಂತು ನೋಡಿದ್ದಕ್ಕೆ ಮುಖವನ್ನು ಹಿಮಕ್ಕೆ ಒತ್ತಿಕೊಂಡೆ.

ಹತ್ತಿರ ಹೋದಾಗ ಅದರ ಮೈಯಿಂದ ಹಬೆ ಏಳುತ್ತಿತ್ತು. ನೋಯೆಲ್ ಟೋಪಿ ತೆಗೆದು ಕ್ಷಣಹೊತ್ತು ನಿಂತ. ಹಗ್ಗ ಕಟ್ಟಿ ಇಳಿಜಾರಿನಲ್ಲಿ ಎಳೆಯತೊಡಗಿದೆವು. ಹಳ್ಳ ದಾಟುವಾಗ ಹಿಮದ ಕೆಳಗಿನ ಕಲ್ಲು ಕಾಣದೆ ಅವನು ಜಾರಿದ. ಮೂಳೆ ಮುರಿದ ಸದ್ದು ನನಗೂ ಕೇಳಿತು. ಕಾಲು ತಿರುಗಬಾರದ ಕಡೆಗೆ ತಿರುಗಿತ್ತು. ನನ್ನ ಕೋಟು ಹೊದಿಸಿ, ಬೆನ್ನಿಗೆ ಬಂಡೆ ಕೊಟ್ಟು ಕೂರಿಸಿದೆ. ಫೋನ್ ಮಾಡಲು ಮೇಲಿನ ಅಂಚಿಗೆ ಹೋಗಬೇಕಿತ್ತು. ರೈಫಲ್ ಅವನ ಪಕ್ಕದಲ್ಲಿ ಹಿಮದ ಮೇಲೆ ಬಿದ್ದಿತ್ತು. ಎತ್ತಿಕೊಳ್ಳಲು ಬಗ್ಗಿದೆ.

"ಅದನ್ನು ಬಿಡು. ನನ್ನ ಹತ್ತಿರ ಇರಲಿ" ಎಂದ.

"ನಿನಗೂ ಭಯವಾ ನೋಯೆಲ್?"

"ಹೌದು ಮಗನೇ. ಭಯ. ಈಗ ಹೋಗು, ನನಗೆ ಚಳಿಯಾಗುತ್ತಿದೆ."

ಯಾರೂ ನನ್ನೆದುರು ನಿಂತು ಹಾಗೆ ಹೇಳಿರಲಿಲ್ಲ. ನೀನು ಸಾರ್ಜೆಂಟಿಗೆ ಹೇಳಿದೆ, ನನಗೆ ಪತ್ರ ಬರೆದೆ. ನನ್ನ ಮುಖಕ್ಕೆ ಹೇಳಿದವನು ಕಾಲು ಮುರಿದುಕೊಂಡು ಹಿಮದಲ್ಲಿ ಕೂತ ಮುದುಕ. ನಾನು ಮೇಲಕ್ಕೆ ಓಡಿದೆ. ಓಡುತ್ತಾ, ಬಿದ್ದು, ಎದ್ದು, ಜೋರಾಗಿ ಅಳುತ್ತಿದ್ದೆ. ಆ ಬೆಟ್ಟದಲ್ಲಿ ಅತ್ತರೆ ಯಾರಿಗೆ ಕೇಳುತ್ತದೆ.

ಅಂಚಿನಲ್ಲಿ ಸಿಗ್ನಲ್ ಸಿಕ್ಕಿತು. ತುರ್ತು ನಂಬರಿಗೆ ಮಾಡಿ ಜಾಗ ಹೇಳಿದೆ. ಬೆಟ್ಟದ ರಕ್ಷಣಾ ತಂಡ ಹೊರಡುತ್ತದೆ, ಲೈನು ಖಾಲಿ ಇಟ್ಟುಕೊಂಡು ಅಲ್ಲೇ ಇರಿ, ನಾವೇ ಮತ್ತೆ ಮಾಡುತ್ತೇವೆ ಎಂದರು. ಅಷ್ಟರಲ್ಲಿ ಫೋನು ಗುಂಯ್‌ಗುಡಲು ಶುರುವಾಯಿತು. ಇಷ್ಟು ತಿಂಗಳು ಹೊರಗೆ ನಿಂತಿದ್ದ ಮೆಸೇಜುಗಳೆಲ್ಲ ಒಟ್ಟಿಗೆ ಬಂದವು. ನಿನ್ನವು ಸಾಲುಸಾಲು. ಮಿಕ್ಕವು ಐಶುವಿನ ದನಿ.

ಮೊದಲಿನವು ಅವಳ ಹಳೆಯ ಇಂಗ್ಲಿಷಿನಲ್ಲಿ, ಲಿಮೆರಿಕ್ ರಾಗದಲ್ಲಿ: "ಆರ್ ಯೂ ಗ್ರ್ಯಾಂಡ್, ಅಪ್ಪಾ?" ಬೆಂಗಳೂರಿನ ಸ್ಕೂಲಿನಲ್ಲಿ ಅವಳ ಮಾತನ್ನು ಅಣಕಿಸುತ್ತಾರಂತೆ. ನಡುವಿನವು ಅರ್ಧ ಇಂಗ್ಲಿಷು, ಅರ್ಧ ಕನ್ನಡ. ಕೊನೆಯದು ಹೋದ ತಿಂಗಳಿನದು. ಪೂರ್ತಿ ಕನ್ನಡ, ಚಾಮರಾಜಪೇಟೆಯ ಮಕ್ಕಳ ಹಾಗೆ: "ಅಪ್ಪಾ, ಫೋನ್ ಎತ್ತಪ್ಪಾ. ನಂಗೀಗ ಕನ್ನಡ ಬರುತ್ತೆ. ನೀನ್ ಯಾಕೆ ಮಾತಾಡಲ್ಲ?"

ಅವಳು ಹುಟ್ಟಿದಾಗಿನಿಂದ ನಾನು ಕನ್ನಡದಲ್ಲಿ ಕೇಳಿದೆ, ಅವಳು ಇಂಗ್ಲಿಷಿನಲ್ಲಿ ಉತ್ತರಿಸಿದಳು. ಅವಳಿಗೆ ಕನ್ನಡ ಬಂದಾಗ ಕೇಳಿಸಿಕೊಳ್ಳಲು ನಾನು ಇರಲಿಲ್ಲ. ಡ್ರಾಯರಿನಲ್ಲಿದ್ದೆ.

ತಂಡದವರು ಮತ್ತೆ ಫೋನ್ ಮಾಡಿ, ದಾರಿ ಸಿಕ್ಕಿದೆ, ನೀವು ಕೆಳಗೆ ಹೋಗಿ ಅವರ ಜೊತೆ ಇರಿ ಎಂದ ಮೇಲೆ ಇಳಿದೆ. ಅವರು ಬರುವವರೆಗೆ ನೋಯೆಲ್‌ನನ್ನು ನನ್ನ ಮೈಗೆ ಒತ್ತಿಕೊಂಡು ಕೂತಿದ್ದೆ. ಮುದುಕ ನಿದ್ದೆಗೆ ಜಾರದಿರಲೆಂದು ಬಾಯಿಗೆ ಬಂದದ್ದೆಲ್ಲ ಹೇಳಿದೆ. ಕನ್ನಡದಲ್ಲಿ ಹೇಳುತ್ತಿದ್ದೇನೆ ಎಂದು ಆಮೇಲೆ ತಿಳಿಯಿತು. ಅವನು "ಹೂಂ, ಹೂಂ" ಎನ್ನುತ್ತಿದ್ದ. ಸ್ಟ್ರೆಚರಿನಲ್ಲಿ ಇಳಿಸಿ ಡಬ್ಲಿನ್ನಿನ ಆಸ್ಪತ್ರೆಗೆ ಒಯ್ದರು. ರೈಫಲನ್ನು ಗಾರ್ಡಾದವರು ತೆಗೆದುಕೊಂಡು ಹೋದರು. ಸತ್ತ ಜಿಂಕೆಯನ್ನು ಮಾರನೆಯ ದಿನ ನೋಡಿದರೆ ನರಿಗಳು ತಿಂದಿದ್ದವು.

ಶಫೀ, ನಿನ್ನ ಮೇಲಿನ ನನ್ನ ಸಿಟ್ಟು ಸುಳ್ಳಲ್ಲ. ಸಾರ್ಜೆಂಟಿಗೆ ನೀನು ಹೇಳಿದ್ದೂ ಸುಳ್ಳಲ್ಲ. ಎರಡನ್ನೂ ಒಟ್ಟಿಗೆ ಇಟ್ಟುಕೊಂಡು ಕೂತಿದ್ದೇನೆ.

ಎಳ್ಳುಬೆಲ್ಲ ಮುಗಿದಿದೆ.

ಮಂಜೇಶ್


ಲೆಪರ್ಡ್ಸ್‌ಟೌನ್
9 ಮಾರ್ಚ್ 2025

ಮಂಜ,

ನಿನ್ನ ಪತ್ರವನ್ನು ಆಮ್ನಾಗೆ ಓದಿ ಹೇಳಲು ಹೋದೆ, ಅರ್ಧದ ಮೇಲೆ ಆಗಲಿಲ್ಲ. ಅವಳೇ ಕಿತ್ತುಕೊಂಡು ನನ್ನ ಪಕ್ಕ ಕೂತಳು. ಅವಳಿಗೆ ಕನ್ನಡ ಓದಲು ಬರುವುದಿಲ್ಲ. ಆದರೂ ಹಾಳೆಗಳನ್ನು ಒಂದೊಂದಾಗಿ ತಿರುವಿದಳು.

ಈಗ ಉಪವಾಸದ ತಿಂಗಳು. ನಿನ್ನೆ ಇಫ್ತಾರಿಗೆ ಮೊದಲು ನೋಯೆಲ್‌ನನ್ನು ನೋಡಿಬಂದೆವು. ಕಾಲಿಗೆ ಸಲಾಕೆ ಹಾಕಿದ್ದಾರೆ, ನರ್ಸುಗಳನ್ನು ಗದರುತ್ತಿದ್ದಾನೆ. ನಿನ್ನ ಮಾತು ಬಂದಾಗ ಗೋಡೆಯ ಕಡೆ ತಿರುಗಿ, "ಅವನು ಮೇಲಕ್ಕೆ ಹೋದಾಗ ತಿರುಗಿ ಬರುತ್ತಾನೋ ಇಲ್ಲವೋ ಎಂದು ಕಾದೆನಲ್ಲ, ಆ ಹೊತ್ತು ಕಾಲು ನೋಯಲೇ ಇಲ್ಲ" ಎಂದ. ನಿನಗೆ ಇದನ್ನು ಹೇಳಬಾರದಂತೆ. ನಾನು ಹೇಳುತ್ತಿದ್ದೇನೆ. ನನ್ನಿಂದ ಏನನ್ನೂ ಬಚ್ಚಿಡಲಾಗುವುದಿಲ್ಲ ಎಂದು ಈಗ ನಿನಗೇ ಗೊತ್ತು.

ಡಾಕ್ಟರ ಹತ್ತಿರ ಹೋದೆಯಾ? ಹೋಗಿಲ್ಲವಾದರೆ ಜೊತೆಗೆ ಬರಲಾ? ಐಶುಗೆ ಏನು ಹೇಳಿದೆ? ಇವೆರಡಕ್ಕೆ ಉತ್ತರ ಬೇಕು. ಈ ಸಲ ಬೇಡ ಎನ್ನುವುದಿಲ್ಲ.

ಶಫೀ


ಗ್ಲೆನ್‌ಮಲೂರ್
26 ಮಾರ್ಚ್ 2025

ಶಫೀ,

ಡಾಕ್ಟರನ್ನು ಕಂಡೆ. ಸಣ್ಣ ವಯಸ್ಸಿನ ಹೆಂಗಸು, ಕಂಪ್ಯೂಟರ್ ಆಚೆ ತಿರುಗಿಸಿ ಮಾತಾಡಿದಳು. ಗ್ರ್ಯಾಂಡ್ ಎನ್ನಲು ಬಾಯಿ ತೆರೆದೆ, ಅನ್ನಲಿಲ್ಲ. ಮಾತ್ರೆ ಕೊಟ್ಟಿದ್ದಾಳೆ. ಗುರುವಾರ ಗುರುವಾರ ಇನ್ನೊಬ್ಬರ ಹತ್ತಿರ ಕೂತು ಮಾತಾಡಬೇಕು. ಗುಣವಾಗಿದ್ದೇನೆ ಎಂದು ಬರೆಯುವುದಿಲ್ಲ. ಕೆಲವು ಬೆಳಿಗ್ಗೆ ಬೂಟಿಗೆ ಕಾಲು ತೂರಿಸುವುದೇ ಬೆಟ್ಟ ಹತ್ತಿದ ಹಾಗೆ. ಆದರೆ ಕುರಿಗಳು ಕಾಯುವುದಿಲ್ಲ. ನೋಯೆಲ್ ಬರುವವರೆಗೆ ಅವು ನನ್ನ ಪಾಲು, ಈಗ ಮರಿ ಹಾಕುವ ಕಾಲ. ಅವನು ಆಸ್ಪತ್ರೆಯಿಂದ ಲ್ಯಾಂಡ್‌ಲೈನಿಗೆ ಫೋನ್ ಮಾಡಿ ಬೈಯುತ್ತಾ ಹೇಳಿಕೊಡುತ್ತಾನೆ. ಮೊನ್ನೆ ಹಿಂಗಾಲು ಮುಂದಾಗಿ ಸಿಕ್ಕಿಕೊಂಡಿದ್ದ ಮರಿಯೊಂದನ್ನು ಎಳೆದು ತೆಗೆದೆ. ಮೂಗಿನ ಲೋಳೆ ಒರೆಸಿ ಹುಲ್ಲಿನಿಂದ ಉಜ್ಜಿದ ಮೇಲೆ ಸೀನಿತು. ಅದಕ್ಕೂ ನನಗೂ ಒಟ್ಟಿಗೇ ಉಸಿರು ಬಂತು.

ಜಿಂಕೆಗಳು ಸಂಜೆಗೆ ಇಳಿದುಬಂದು ಕುರಿಯ ಹುಲ್ಲು ತಿನ್ನುತ್ತವೆ. ಓಡಿಸು ಎನ್ನುತ್ತಾನೆ ಮುದುಕ. ಓಡಿಸುತ್ತೇನೆ, ಆದರೆ ಸ್ವಲ್ಪ ತಡಮಾಡಿ. ಮೊಂಟಾನಾದ ಹುಡುಗನಿಗೆ ಈ ವರ್ಷ ಬರುವುದಿಲ್ಲ ಎಂದು ಬರೆದೆ. ಎಲ್ಕ್‌ಗಳು ಅವುಗಳ ಹಿಮದಲ್ಲಿ ಇರಲಿ.

ಐಶುಗೆ ಏನು ಹೇಳಿದೆ ಎಂದು ಕೇಳಿದ್ದೀಯ. ನೋಯೆಲ್‌ನ ಅಡುಗೆಮನೆಯಿಂದ ಫೋನ್ ಮಾಡಿದೆ. ಚಿತ್ರಾ ಎತ್ತಿದಳು. ನಾನು ಎಂದೆ. "ಇರಿ, ಕೊಡ್ತೀನಿ" ಎಂದಳು. ಮಗಳು ಬಂದಳು. ಅಪ್ಪ ಬೇಟೆಗೆ ಹೋಗಿದ್ದನಂತೆ ಎಂದು ಯಾರೋ ಹೇಳಿದ್ದರಂತೆ, ಜಿಂಕೆ ಸತ್ತೋಯ್ತಾ ಎಂದಳು. ಹೌದು ಎಂದೆ. ಅತ್ತಳು. ಕುರಿಮರಿ ಹುಟ್ಟಿದೆ ಎಂದೆ. ಹೆಸರೇನು ಎಂದಳು. ಇಟ್ಟಿಲ್ಲ ಎಂದೆ. ಯೋಚನೆ ಮಾಡಿ ನಾಳೆ ಹೇಳುತ್ತಾಳಂತೆ. ನಾಳೆ ನಾನು ಮತ್ತೆ ಫೋನ್ ಮಾಡಬೇಕು. ಇಷ್ಟು ದಿನದಲ್ಲಿ ನನಗೆ ಒಂದು ನಾಳೆ ಇರುವುದು ಇದೇ ಮೊದಲು.

ಈ ಭಾನುವಾರ ಯುಗಾದಿ, ನಿಮಗೆ ರಂಜಾನೂ ಅದೇ ದಿನ ಬರಬಹುದಂತೆ. ಹಬ್ಬ ಮುಗಿಸಿಕೊಂಡು ಸೋಮವಾರ ಆಮ್ನಾಳನ್ನು ಕರೆದುಕೊಂಡು ಬಾ. ಬಸ್ಸಾರು ಮಾಡಿರುತ್ತೇನೆ. ಕಾರನ್ನು ಕೆಳಗೆ ಸೇತುವೆಯ ಹತ್ತಿರವೇ ನಿಲ್ಲಿಸಿ ನಡೆದು ಬನ್ನಿ; ಇಂಜಿನ್ ಸದ್ದಿಗೆ ಎಳೆಮರಿಗಳು ತಾಯಿಯನ್ನು ಬಿಟ್ಟು ಚದುರುತ್ತವೆ. ದಾರಿ ತಪ್ಪುವುದಿಲ್ಲ. ನಾನು ಸೇತುವೆಗೇ ಬಂದು ನಿಂತಿರುತ್ತೇನೆ.

ನಿನ್ನ
ಮಂಜ